ಮುಗಿಯಬಾರದ ಗಾಡಿ

“ಬಣ್ಣ ಬಳಿ, ಸೀಟು ಹೊಲಿಸು, ಎಂತ ಬೇಕಾದ್ರೂ ಮಾಡು ಮಗಾ. ಮುಗಿಸ್ಲಿಕ್ಕೆ ಮಾತ್ರ ಹೋಗ್ಬೇಡ,” ಎಂದರು ಶೀಲಾವತಿ, ಬಂಗುಡೆಯ ಹೊಟ್ಟೆ ಸೀಳುತ್ತಿದ್ದ ಕೈಯನ್ನು ನಿಲ್ಲಿಸದೆ.

ಸೌಮ್ಯಾ ನಕ್ಕಳು. ಮದುವೆಯಾಗಿ ಬಂದು ಮೂರು ವರ್ಷವಾದರೂ ಮೀನಿನ ವಾಸನೆ ಅವಳಿಗೆ ಒಗ್ಗಿರಲಿಲ್ಲ. ಅಡುಗೆಮನೆಯ ಬಾಗಿಲ ಹೊರಗೆ ನಿಂತೇ ಅತ್ತೆಯೊಂದಿಗೆ ಮಾತಾಡುವುದು ಅವಳ ರೂಢಿ.

“ಗಾಡಿ ಅಂದ್ರ ಟೀವಿ ಸೀರಿಯಲ್ ಏನ್ರಿ ಅತ್ತಿ, ಮುಗೀಲಾರದಂಗ ಎಳಕೋತ ಹೋಗಾಕ?”

ಶೀಲಾವತಿ ನಗಲಿಲ್ಲ. “ನಿನಗೆ ನಿನ್ನ ಗಂಡ ಬೇಕಲ್ಲ? ಹಾಗಾದ್ರೆ ಒಂದು ಕೆಲಸ ಬಾಕಿ ಇರ್ಲಿ ಅದರಲ್ಲಿ.”

“ಗಂಡ ಬೇಕಂತನ ಮುಗಸಾಕ ಹತ್ತೀನ್ರಿ.”

ಕತ್ತಿಯಡಿ ಮೀನಿನ ತಲೆ ಬೇರೆಯಾಯಿತು. ಅತ್ತೆ ಇನ್ನೊಂದು ಮೀನು ಎತ್ತಿಕೊಂಡರು.

ಬೊರಿವಲಿಯಲ್ಲಿ, ಸುತ್ತಲೂ ಎದ್ದ ಟವರುಗಳ ನಡುವೆ ಹೇಗೋ ಉಳಿದುಕೊಂಡಿದ್ದ ಒಂದಂತಸ್ತಿನ ಮನೆ ಅದು. ಪಕ್ಕಕ್ಕೆ ತಗಡಿನ ಶೆಡ್ಡು, ಶೆಡ್ಡಿನ ಮುಂದೆ ಕಿರಿದಾದ ಅಂಗಳ, ಅಂಗಳದ ತುದಿಗೆ ಕಬ್ಬಿಣದ ಗೇಟು. ಶೆಡ್ಡಿನೊಳಗೆ ಮಾವ ದೂಜ ಶೆಟ್ಟರ ಗಾಡಿ: ನೆಲಕ್ಕೆ ಅಂಟಿದಂತೆ ತಗ್ಗಾದ, ಎರಡೇ ಸೀಟಿನ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರು. ಮಲಾಡಿನಲ್ಲಿ ಹೋಟೆಲ್ ಇಟ್ಟಿದ್ದ ಶೆಟ್ಟರು ಅದನ್ನು ಹರೆಯದಲ್ಲಿ ಕೊಂಡಿದ್ದರು. ಕೊಂಡ ಕೆಲವೇ ದಿನಕ್ಕೆ ಅದರ ಎಂಜಿನ್ ಬಿಚ್ಚಿದರು. ಗಾಡಿ ಮತ್ತೆ ರಸ್ತೆಗಿಳಿಯಲಿಲ್ಲ, ಶೆಟ್ಟರೂ ಇಳಿಯಲಿಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯನ್ನು ಭಾವಮೈದುನನಿಗೆ ಬಿಟ್ಟುಕೊಟ್ಟು ಎಲ್ಲವನ್ನೂ ಫೋನಿನಲ್ಲೇ ನಡೆಸಿದರು. ಧಾರವಾಡದಲ್ಲಿ ನಡೆದ ಮಗನ ಮದುವೆಗೂ ಬರಲಿಲ್ಲ. ‘ಗೇರ್‌ಬಾಕ್ಸ್ ಬಿಚ್ಚಿಟ್ಟಿದ್ದೇನೆ’ ಎಂದು ಹೇಳಿಕಳಿಸಿದ್ದರು. ಸೌಮ್ಯಾಳ ತವರಿನಲ್ಲಿ ಅದನ್ನು ಈಗಲೂ ಆಡಿಕೊಂಡು ನಗುತ್ತಾರೆ. ಮದುವೆಯ ಮರುತಿಂಗಳೇ ಅವರು ಅದೇ ಗಾಡಿಯಡಿ ಮಲಗಿದ್ದಲ್ಲೇ ಸತ್ತರು. ಅವರ ಮುಷ್ಟಿಯಿಂದ ಸ್ಪ್ಯಾನರ್ ಬಿಡಿಸಲು ಬಹಳ ಹೊತ್ತು ಹಿಡಿಯಿತು.

ಉತ್ತರಕ್ರಿಯೆ ಮುಗಿದ ಮರುದಿನ, ಗಾಡಿಯನ್ನು ಮಾರಿಬಿಡೋಣವೆಂದು ಮನೀಶ್ ಶೆಡ್ಡಿಗೆ ಹೋದ. ಸಡಿಲವಾಗಿದ್ದ ಒಂದು ನಟ್ಟನ್ನು ಬಿಗಿ ಮಾಡಲು ತಂದೆಯ ಸ್ಪ್ಯಾನರ್ ಎತ್ತಿಕೊಂಡ. ಅಂದಿನಿಂದ ಅವನು ಅಲ್ಲೇ ಇದ್ದಾನೆ.

ಸೌಮ್ಯಾ ಮೆಚ್ಚಿ ಮದುವೆಯಾದ ಮನೀಶ್ ಬೇರೆಯೇ ಆಗಿದ್ದ. ವಿಕ್ರೋಳಿಯ ಕಾರ್ಖಾನೆಯಲ್ಲಿ ಇಬ್ಬರೂ ಎಂಜಿನಿಯರುಗಳು. ಹೊರಟ ಲೋಕಲ್ ರೈಲನ್ನು ಓಡಿ ಹಿಡಿಯುವ, ಮಳೆ ಬಿದ್ದರೆ ಬೆನ್ನಿಗೆ ಚೀಲ ಏರಿಸಿ ಸಹ್ಯಾದ್ರಿಯ ಕೋಟೆಗಳನ್ನು ಹತ್ತುವ ಹುಡುಗ. ಅಪ್ಪ ಹೋದ ಮೇಲೆ ಅವನು ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದ. ಆಮೇಲೆ ಕೆಲಸವನ್ನೇ ಬಿಟ್ಟ. ಸೌಮ್ಯಾ ಧಾರವಾಡಕ್ಕೆ ಎಷ್ಟೋ ಸಲ ಟಿಕೆಟ್ ಮಾಡಿಸಿದಳು. ಒಮ್ಮೆ ಮಾತ್ರ ಅವನನ್ನು ಗೇಟಿನವರೆಗೆ ಕರೆತರಲು ಸಾಧ್ಯವಾಯಿತು. ಗೇಟಿನ ಚಿಲಕ ಮುಟ್ಟಿದವನು ಬೆವರಿ, ಮೊಣಕಾಲೂರಿ, ರಿಕ್ಷಾದವನ ಎದುರೇ ವಾಂತಿ ಮಾಡಿಕೊಂಡ.

“ಸಾರಿ ಯಾರ್. ಎಂಜಿನ್ ಹೆಡ್ ಖುಲ್ಲಾ ಉಂಟು. ಧೂಳು ಹೋಗ್ತದೆ,” ಎಂದ. ಅವನ ಕಣ್ಣಲ್ಲಿ ನೀರಿತ್ತು.

ಅವಳು ಇದನ್ನು ಕಾಯಿಲೆ ಎಂದೇ ತಿಳಿದಳು. ತಂದೆಯ ಸಾವಿನ ಆಘಾತ ಎಂದು ವೈದ್ಯರೂ ಹೇಳಿದರು. ಈಗ ಅವಳೊಬ್ಬಳೇ ದಿನಾ ಬೊರಿವಲಿಯಿಂದ ದಾದರ್, ದಾದರಿನಲ್ಲಿ ಇಳಿದು ಸೇತುವೆ ಹತ್ತಿ ಇನ್ನೊಂದು ಲೋಕಲ್, ಅಲ್ಲಿಂದ ವಿಕ್ರೋಳಿ. ಸಂಜೆ ಅದೇ ದಾರಿ ತಿರುಗಿಸಿ. ಬೇರೆಯವರ ಬೆವರನ್ನು ಮೈಗೆ ಮೆತ್ತಿಸಿಕೊಂಡು ಮನೆಗೆ ಬಂದರೆ ಗಾಡಿಯಡಿಯಿಂದ ಚಾಚಿಕೊಂಡ ಎರಡು ಕಾಲುಗಳು ಕಾಣುತ್ತಿದ್ದವು. ಆ ಕಾಲುಗಳಿಗೆ ‘ಊಟಕ್ಕ ಬಾ’ ಎಂದು ಹೇಳಿ ಹೇಳಿ ಅವಳ ದನಿ ಸವೆದಿತ್ತು.

ಒಂದು ಸಂಜೆ ಅವನು ಊಟಕ್ಕೆ ಬಂದು ಕುಳಿತ ಮೇಲೂ ಶೆಡ್ಡಿನಲ್ಲಿ ನಟ್ಟು ತಿರುಗುವ ಸದ್ದು ಕೇಳುತ್ತಿತ್ತು. ಕಿರ್ರ್. ನಿಂತು, ಮತ್ತೆ ಕಿರ್ರ್. ಶೀಲಾವತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಮನೀಶ್ ಅನ್ನ ಕಲಸುತ್ತಲೇ ಇದ್ದ. ಬಿಸಿಲಿಗೆ ಕಾದ ತಗಡು ತಣ್ಣಗಾಗುವಾಗ ಹೀಗೆ ಸದ್ದು ಮಾಡುತ್ತದೆ ಎಂದು ಸೌಮ್ಯಾ ತನಗೆ ತಾನೇ ವಿವರಿಸಿಕೊಂಡಳು. ವಿವರಣೆ ಸರಿಯಾಗಿಯೇ ಇತ್ತು. ಆದರೂ ಅಂದು ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ನವರಾತ್ರಿಗೆ ಮೊದಲು ಅವಳು ದೀರ್ಘ ರಜೆ ಹಾಕಿದಳು. ಗಾಡಿ ಮುಗಿದರೆ ಗಂಡ ಎದ್ದು ಬರುತ್ತಾನೆ. ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಮುಗಿಸಿ, ದಸರೆಗೆ ಧಾರವಾಡದಲ್ಲಿ ಬನ್ನಿ ಎಲೆ ಹಂಚಲು ಅವನನ್ನು ಕರೆದೊಯ್ಯಬೇಕು. ಇಷ್ಟೇ ಅವಳ ಲೆಕ್ಕ. ಹಾಗೆ ಅವಳೂ ಶೆಡ್ಡಿಗಿಳಿದಳು. ಅಕ್ಟೋಬರಿನ ಸೆಕೆಯಲ್ಲಿ ತಗಡಿನ ಕೆಳಗೆ ಪೆಟ್ರೋಲು, ಹೊಸ ಚರ್ಮ, ಬಣ್ಣದ ವಾಸನೆ. ಆಳದಲ್ಲಿ ಎಲ್ಲೋ ಹೊಗೆಸೊಪ್ಪು ಹಾಕಿದ ವೀಳ್ಯದ ವಾಸನೆ. ಮನೀಶ್ ವೀಳ್ಯ ತಿನ್ನುವವನಲ್ಲ. ಹಳೆಯ ಸೀಟಿನ ಸ್ಪಂಜಿನಲ್ಲಿ ಮಾವನ ಬಾಯಿಯ ವಾಸನೆ ಉಳಿದಿರಬೇಕು ಎಂದುಕೊಂಡಳು. ಸ್ಪಂಜನ್ನು ಬದಲಿಸಿಯೂ ಆಗಿತ್ತು ಎಂಬುದು ಆಮೇಲೆ ನೆನಪಾಯಿತು.

ಕೆಲಸ ಸಾಗಿತು. ಕಡುಗೆಂಪು ಬಣ್ಣ ಕನ್ನಡಿಯಂತೆ ಹೊಳೆಯಿತು. ಆದರೆ ಇನ್ನೇನು ಮುಗಿಯಿತು ಎನ್ನುವಾಗ ಒಂದು ಬಿಡಿಭಾಗ ಕಾಣೆಯಾಗುತ್ತಿತ್ತು. ಕಾರ್ಖಾನೆಯಲ್ಲಿ ತಪ್ಪು ಹುಡುಕುವುದೇ ಅವಳ ಉದ್ಯೋಗ. ವಸ್ತುಗಳು ತಾವಾಗಿ ಇಷ್ಟು ಸರಿಯಾದ ಹೊತ್ತಿಗೆ ಕಳೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಮಲಗಿದಂತೆ ನಟಿಸಿ ಕಾದಳು.

ಶೀಲಾವತಿ ಶೆಡ್ಡಿನಿಂದ ಬಂದರು. ಸೆರಗಿನಲ್ಲಿ ಏನೋ ಇತ್ತು. ಅಡುಗೆಮನೆಯ ಉಪ್ಪಿನ ಭರಣಿಯ ಮುಚ್ಚಳ ತೆಗೆದರು.

“ತೋರಸ್ರಿ ಅತ್ತಿ.”

ಹೆಬ್ಬೆರಳಿನಷ್ಟು ದೊಡ್ಡ ಕರಿಯ ತುಂಡು. ಎಂಜಿನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್. ಅದಿಲ್ಲದೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ.

“ಉಪ್ಪಿನಲ್ಲಿ ಇಟ್ಟರೆ ಅವರಿಗೆ ಸಿಕ್ಕುವುದಿಲ್ಲ,” ಎಂದರು ಶೀಲಾವತಿ, ಸಣ್ಣ ದನಿಯಲ್ಲಿ.

“ಯಾರಿಗೆ?”

ಅತ್ತೆ ನೆಲದ ಮೇಲೇ ಕುಳಿತುಬಿಟ್ಟರು. ಅಷ್ಟು ಸುಸ್ತಾದ ಮುಖವನ್ನು ಸೌಮ್ಯಾ ಲೋಕಲಿನ ಕೊನೆಯ ಸ್ಟೇಶನ್ನಿನಲ್ಲೂ ಕಂಡಿರಲಿಲ್ಲ.

“ಎರಡೇ ಸೀಟು ಯಾಕೆ ಅಂತ ನೀನು ಯೋಚನೆ ಮಾಡಿದ್ದುಂಟಾ? ಆಗ ಮನೀಶ ಕೈಕೂಸು. ನಾವು ಮೂರು ಜನ. ಅವರು ಎರಡು ಸೀಟಿನ ಗಾಡಿ ತಂದರು. ಇನ್ನೊಂದು ಸೀಟಿಗೆ ಬೇರೊಬ್ಬಳು ಇದ್ದಳು. ಹೊರಡುವ ದಿನವೂ ಗೊತ್ತಾಗಿತ್ತು. ನಾನು ಎಂತ ಮಾಡ್ಬೇಕಿತ್ತು ಹೇಳು.”

ಅವರು ಮಾಡಿದ್ದು ಇಷ್ಟು. ಗೋರೆಗಾಂವಿನ ಚಾಳೊಂದರಲ್ಲಿ ಊರ ಕಡೆಯ ಮಂತ್ರವಾದಿಯೊಬ್ಬನಿದ್ದ. ಎಂಜಿನಿನ ಎಣ್ಣೆ, ಗಂಡನ ಕೂದಲು, ತನ್ನ ಬೆರಳಿನ ರಕ್ತ ಒಯ್ದುಕೊಟ್ಟರು. ಅವನು ಕಬ್ಬಿಣದ ತಂತಿಯಲ್ಲಿ ಗಂಟು ಹಾಕಿ ಕೊಟ್ಟ. ಅದನ್ನು ಗಾಡಿಯ ಎಲುಬಿನಂತಿದ್ದ ಚಾಸಿಯೊಳಗೆ ನೂಕಿದರು. ಈ ಗಾಡಿಯ ಕೆಲಸ ಮುಗಿಯುವ ತನಕ ಇದರ ಮೇಲೆ ಕೈಯಿಟ್ಟ ಗಂಡಸು ಗೇಟು ದಾಟಬಾರದು. ಅದೇ ಕಟ್ಟು. ಮರುದಿನ ದೂಜ ಶೆಟ್ಟರು ಎಂಜಿನಿನಲ್ಲಿ ಏನೋ ಸದ್ದು ಬರುತ್ತಿದೆ ಎಂದು ಬಾನೆಟ್ ಎತ್ತಿದರು.

“ಮುಗಿದ ಮೇಲೆ ಎಂತ ಅಂತ ಮಂತ್ರವಾದಿ ಕೇಳಿದ. ಆಮೇಲಿನದು ಆಮೇಲೆ ಅಂದೆ. ಸಣ್ಣ ಪ್ರಾಯ. ಅವರು ಸತ್ತರೆ ಕಟ್ಟು ಬಿಟ್ಟೀತು ಅಂದುಕೊಂಡೆ. ಬಿಡ್ಲಿಲ್ಲ. ಅವರು ಒಳಗೇ ಇದ್ದಾರೆ, ಹೊರಡ್ಲಿಕ್ಕೆ ಕಾಯ್ತಾ. ಗಾಡಿ ಮುಗಿದರೆ ಹೊರಡ್ತಾರೆ. ಸತ್ತವರಿಗೆ ಸ್ಟೇರಿಂಗ್ ಹಿಡೀಲಿಕ್ಕೆ ಕೈ ಬೇಕಲ್ಲ ಮಗಾ. ಮಗನ ಕೈ ಉಂಟು.”

“ಮಾಟ ಹಾಕಿದವನ ಕಡೆಯಿಂದನ ಬಿಡಸಬೇಕಿತ್ತಲ್ರಿ?”

“ಅವ ಯಾವತ್ತೋ ಸತ್ತ.”

ಸೌಮ್ಯಾಳಿಗೆ ಭಯಕ್ಕಿಂತ ಸಿಟ್ಟೇ ಬಂತು. ಇಷ್ಟು ವರ್ಷ ಕದ್ದು ಮುಚ್ಚಿಟ್ಟು, ಗಂಡನನ್ನು ಮರುಳು ಮಾಡಿ, ಈಗ ಮಗನನ್ನೂ ಮರುಳು ಮಾಡಿದ ಮುದುಕಿ. ಇದಕ್ಕೆ ಮಾಟ ಯಾಕೆ ಬೇಕು? ಉಪ್ಪಿನ ಭರಣಿಯೇ ಸಾಕು.

“ಮಾಟ ನೀವ ಮಾಡೀರಿ, ಖರೆ. ಎರಡು ಕೈಲೆ ಮಾಡೀರಿ,” ಎಂದು ಹೇಳಿ ರೋಟರನ್ನು ಕಿತ್ತುಕೊಂಡಳು. ಅದಕ್ಕೆ ಅಂಟಿದ್ದ ಉಪ್ಪನ್ನು ಊದಿದಳು.

ಖಂಡೇಪೂಜೆಯ ದಿನ ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಮಲಾಡಿನ ಹೋಟೆಲಿನಲ್ಲಿ ಪ್ರತಿವರ್ಷ ಕಾವಲಿಗೂ ಗ್ರೈಂಡರಿಗೂ ತಕ್ಕಡಿಗೂ ಆಯುಧಪೂಜೆ ನಡೆಯುತ್ತಿತ್ತು. ಈ ಶೆಡ್ಡಿನ ಸ್ಪ್ಯಾನರುಗಳಿಗೆ ಮಾತ್ರ ಯಾರೂ ಒಮ್ಮೆಯೂ ಕುಂಕುಮ ಹಚ್ಚಿರಲಿಲ್ಲ. ಧಾರವಾಡದಲ್ಲಿ ಸೌಮ್ಯಾಳ ತಂದೆ ತಮ್ಮ ಪೆನ್ನನ್ನೂ ಪೂಜೆಗಿಡುತ್ತಿದ್ದರು. ಇಟ್ಟ ಮೇಲೆ ಮರುದಿನದವರೆಗೆ ಮುಟ್ಟುವಂತಿರಲಿಲ್ಲ. ಕೆಲಸ ಮುಗಿಯಿತು, ಕೈ ಖಾಲಿ ಎಂದು ದೇವಿಗೆ ಹೇಳಿದ ಹಾಗೆ. ಅವಳು ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ ಒಂದೊಂದೇ ಸ್ಪ್ಯಾನರ್ ಜೋಡಿಸಿದಳು. ಚೆಂಡುಹೂವಿನ ಮಾಲೆ ಹಾಕಿದಳು. ಚಕ್ರಗಳ ಕೆಳಗೆ ಲಿಂಬೆಹಣ್ಣು ಇಟ್ಟಳು. ಎಂಜಿನಿಗೂ ಕುಂಕುಮ ಹಚ್ಚಬೇಕೆಂದು ಬಾನೆಟ್ ತೆರೆದಿಟ್ಟಳು.

ಕೊನೆಯ ಸ್ಪ್ಯಾನರ್ ಮನೀಶನ ಕೈಯಲ್ಲೇ ಇತ್ತು.

“ಬಿಡು ಮನೀಶ್.”

“ನಾನು ಬಿಟ್ಟಿದ್ದೇನೆ ಯಾರ್,” ಎಂದ ಅವನು, ತನ್ನ ಮುಷ್ಟಿಯನ್ನು ಬೇರೆಯವರ ವಸ್ತುವಿನಂತೆ ನೋಡುತ್ತ. “ಅದು ಬಿಡ್ತಾ ಇಲ್ಲ.”

ಅವಳು ಒಂದೊಂದೇ ಬೆರಳನ್ನು ಬಿಡಿಸಿದಳು. ಬೆರಳುಗಳು ತಣ್ಣಗಿದ್ದವು. ಸ್ಪ್ಯಾನರ್ ಮಣೆಯ ಮೇಲೆ ಕುಳಿತಿತು. ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಬಾಯಿಬಿಟ್ಟು ಹೇಳಿದಳು:

“ಮುಗೀತು.”

ಮನೀಶ್ ಚಾಲಕನ ಸೀಟಿನಲ್ಲಿ ಕುಳಿತು ಕೀಲಿ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅಂಥ ಸದ್ದನ್ನು ಅವಳು ನಿರೀಕ್ಷಿಸಿರಲಿಲ್ಲ, ಅಷ್ಟು ದುಂಡಗೆ, ಅಷ್ಟು ತೃಪ್ತವಾಗಿ ಇತ್ತು. ಅವನು ತೆರೆದ ಬಾನೆಟಿನ ಬದಿಯಿಂದ ಇಣುಕಿ ನಕ್ಕ. ಕೋಟೆ ಹತ್ತಿ ನಿಂತಾಗ ನಗುತ್ತಿದ್ದ ನಗು.

“ಸುನಾ? ಸೌಮ್ಯಾ, ಕೇಳಿತಾ? ನಾಳೆ ಧಾರವಾಡ. ಪಕ್ಕಾ.”

ಅವಳು ತಲೆಯಾಡಿಸಿದಳು.

ಆಗ ವಾಸನೆ ಬಂತು. ಹೊಗೆಸೊಪ್ಪಿನ ವೀಳ್ಯ. ಈಗ ಆಳದಲ್ಲಿ ಅಲ್ಲ, ಮುಖದೆದುರು. ಯಾರೋ ಬಾಯಿ ತೆರೆದಷ್ಟು ಹತ್ತಿರ. ಹೊರಗೆ ಗರ್ಬಾ ಮೈದಾನದಲ್ಲಿ ಸ್ಪೀಕರುಗಳ ಪರೀಕ್ಷೆ ಶುರುವಾಯಿತು. ಡೋಲಿನ ಸದ್ದಿಗೆ ತಗಡು ನಡುಗಿತು. ಕರ್ಪೂರ ಆರಿತು.

ಮನೀಶನ ಮುಖದಲ್ಲಿ ನಗು ಹಾಗೇ ಇತ್ತು. ನಗುತ್ತಿದ್ದವನು ಹೋಗಿದ್ದ.

“ಶೀಲಾ,” ಎಂದ ಅವನು. “ಗೇಟ್ ದೆಪ್ಪು. ಪೊರ್ತಾಂಡ್.”

ಗೇಟು ತೆಗೆ, ಹೊತ್ತಾಯಿತು. ಅಷ್ಟು ತುಳು ಸೌಮ್ಯಾಳಿಗೂ ಗೊತ್ತಿತ್ತು. ಮನೀಶನಿಗೆ ತುಳು ತಿಳಿಯುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಈಗ ಒಂದು ತೊಡಕೂ ಇಲ್ಲದೆ ಹೊರಳಿತ್ತು. ಅದೂ ಹೆತ್ತ ತಾಯಿಯ ಹೆಸರು ಹಿಡಿದು.

ಶೀಲಾವತಿ ಅಂಗಳಕ್ಕೆ ಬಂದಿದ್ದರು. ಗೇಟಿಗೆ ಬೆನ್ನು ಕೊಟ್ಟು ನಿಂತರು. ತುಳುವಿನಲ್ಲೇ, ಸೌಮ್ಯಾಳಿಗೆ ತಿಳಿಯುವಷ್ಟು ನಿಧಾನವಾಗಿ ಹೇಳಿದರು:

“ಮಗನನ್ನು ಇಳಿಸಿ. ಮತ್ತೆ ನೀವು ಎಲ್ಲಿಗೆ ಬೇಕಾದರೂ ಹೋಗಿ. ನಾನು ಅಡ್ಡ ಬರುವುದಿಲ್ಲ.”

“ಮತ್ತೆ ಓಡಿಸುವುದು ಯಾರು?”

“ಅವಳು ಈಗ ಕಾಯ್ತಾ ಇಲ್ಲ.”

“ಕಾಯ್ತಾ ಇದ್ದಾಳೆ,” ಎಂದಿತು ಮನೀಶನ ಬಾಯಿ. “ಅವಳೂ ಸತ್ತು ಬಹಳ ದಿನ ಆಯಿತು.”

ಗಾಡಿ ಚಲಿಸಿತು. ಲಿಂಬೆಹಣ್ಣು ಪಚ್ಚನೆ ಒಡೆಯಿತು. ತೆರೆದ ಬಾನೆಟ್ ಅವನ ಕಣ್ಣಿಗೆ ಅಡ್ಡವಾಗಿತ್ತು. ಮುಂದೇನೂ ಕಾಣುವಂತಿರಲಿಲ್ಲ. ಅವನಿಗೆ ಕಾಣುವುದು ಬೇಕಿರಲಿಲ್ಲ. ಸ್ಟೇರಿಂಗ್ ಮೇಲಿನ ಕೈಗಳನ್ನು ಸೌಮ್ಯಾ ನೋಡಿದಳು. ಚರ್ಮ ಸುಕ್ಕಾಗಿತ್ತು. ಹೆಬ್ಬೆರಳಿನ ಉಗುರು ಜಜ್ಜಿ ಕಪ್ಪಾಗಿತ್ತು. ಮಾವನ ಹೆಣದ ಮೇಲೆ ಬಿಳಿ ಬಟ್ಟೆ ಎಳೆಯುವಾಗ ಅವಳು ಕಂಡಿದ್ದ ಉಗುರು.

“ಮನೀಶ್!”

ಡೋಲಿನಲ್ಲಿ ಕೂಗು ಮುಳುಗಿತು. ಎಂಜಿನ್ ನಿಲ್ಲಿಸಬೇಕು. ಏನಾದರೂ ಬಿಚ್ಚಬೇಕು. ಏನಾದರೂ ಮುರಿಯಬೇಕು. ಅವಳು ಮಣೆಯತ್ತ ಬಾಗಿದಳು. ಸ್ಪ್ಯಾನರಿನ ಮೇಲೆ ಕುಂಕುಮ. ಹೂವು.

ಕೈ ನಿಂತಿತು.

ಮಾಟವನ್ನು ನಂಬದ ಕೈ. ಪೂಜೆಗಿಟ್ಟದ್ದನ್ನು ಮುಟ್ಟಬಾರದು. ಅವ್ವನ ಏಟು ತಿಂದು ಕಲಿತದ್ದು. ಒಂದೇ ಉಸಿರಿನಷ್ಟು ನಿಂತಿತು. ಅಷ್ಟರಲ್ಲಿ ಗಾಡಿ ಶೆಡ್ಡು ದಾಟಿತು. ಅಂಗಳಕ್ಕೆ ಬಂತು.

ಅವಳು ಓಡಿದಳು. ಬರಿಗೈಯಲ್ಲೇ ಓಡಿದಳು. ಗಾಡಿಯ ಪಕ್ಕ ಓಡುತ್ತ ಬಾನೆಟಿನೊಳಗೆ ಬಗ್ಗಿದಳು. ಬಿಸಿ ಗಾಳಿ. ಎಣ್ಣೆ. ಹೊಗೆ. ಶೀಲಾವತಿ ಗೇಟು ಬಿಟ್ಟು ಸರಿಯಲಿಲ್ಲ. ಕಣ್ಣು ಮುಚ್ಚಿಕೊಂಡರು. ಇನ್ನೊಂದು ಮಾರು. ಸೌಮ್ಯಾ ಡಿಸ್ಟ್ರಿಬ್ಯೂಟರಿನ ವೈರುಗಳನ್ನು ಒಟ್ಟಾಗಿ ಹಿಡಿದಳು. ಎಳೆದಳು. ಕರೆಂಟು ತೋಳಿನ ಮೂಲಕ ಹಲ್ಲಿನವರೆಗೆ ಬಂತು. ವೈರು ಕಿತ್ತು ಬಂತು. ಕೈ ಅದುರಿ ಮುಂದಕ್ಕೆ ಎಗರಿತು. ಮುಂದೆ ಫ್ಯಾನ್ ತಿರುಗುತ್ತಿತ್ತು.

ಎಂಜಿನ್ ನಿಂತಿತು.

ಗಾಡಿಯ ಮೂತಿ ಶೀಲಾವತಿಯ ಮೊಣಕಾಲಿಗೆ ತಾಗಿ ನಿಂತಿತ್ತು. ಮನೀಶ್ ಸ್ಟೇರಿಂಗ್ ಬಿಟ್ಟು ತನ್ನ ಎಳೆಯ ಕೈಗಳನ್ನು ನೋಡಿಕೊಂಡ. ಆಮೇಲೆ ನೆಲದ ಮೇಲೆ ಕುಳಿತ ಹೆಂಡತಿಯನ್ನು ನೋಡಿ, ತನ್ನ ಹರಕುಮುರುಕು ಕನ್ನಡದಲ್ಲಿ ಅಳಲು ಶುರುಮಾಡಿದ.

ಬಲಗೈಯ ಎರಡು ಬೆರಳುಗಳನ್ನು ಮತ್ತೆ ಜೋಡಿಸಲಾಗಲಿಲ್ಲ. ಆಸ್ಪತ್ರೆಗೆ ಅವಳೊಂದಿಗೆ ಬಂದವರು ಪಕ್ಕದ ಟವರಿನವರು. ಮನೀಶನಿಗೆ ಗೇಟು ದಾಟಲಾಗಲಿಲ್ಲ. ಅವಳು ಮನೆಗೆ ಮರಳಿದಾಗ ಗಾಡಿ ಶೆಡ್ಡಿನೊಳಗಿತ್ತು. ಗಂಡ ಅದರಡಿ ಮಲಗಿದ್ದ. ಫ್ಯಾನಿನ ಎಲೆ ಬಾಗಿದೆ, ಡಿಸ್ಟ್ರಿಬ್ಯೂಟರಿನ ಕ್ಯಾಪು ಸೀಳಿದೆ ಎಂದು ಅಲ್ಲಿಂದಲೇ ಹೇಳಿದ. ಆ ಮಾತು ಕೇಳಿ ಅವಳ ಮೈ ಸಡಿಲಾಯಿತು. ತನಗೆ ಸಮಾಧಾನವಾಯಿತು ಎಂಬುದು ತಿಳಿದಾಗ ಅವಳು ಗೋಡೆ ಹಿಡಿದು ನಿಂತಳು.

ಶೀಲಾವತಿ ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಪಕ್ಕದಲ್ಲಿ ಒಂದು ಚೀಲ. ಹೊರಗೆ ರಿಕ್ಷಾ.

“ಎಲ್ಲಿಗ್ರಿ ಅತ್ತಿ?”

“ಊರಿಗೆ. ಅಣ್ಣನ ಮನೆಗೆ.” ಅವರು ಸೊಸೆಯ ಬ್ಯಾಂಡೇಜಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಅಮ್ಮ ಸತ್ತಾಗಲೂ ನಾನು ಹೋಗ್ಲಿಲ್ಲ ಮಗಾ. ಒಂದು ದಿನ ನಾನು ಇಲ್ಲದಿದ್ದರೆ ಗಾಡಿ ಮುಗಿದುಬಿಡ್ತಿತ್ತು. ಇನ್ನು ನನ್ನಿಂದ ಆಗುವುದಿಲ್ಲ. ಸಾಕಾಯ್ತು.”

“ಯಾವಾಗ ಬರ್ತೀರಿ?”

ಅತ್ತೆ ಅವಳ ಕೆನ್ನೆ ಸವರಿದರು. “ನೀನು ಜೋರಿದ್ದಿ. ನೀನು ನೋಡಿಕೊಳ್ತಿ,” ಎಂದರು. ಗೇಟಿನ ಚಿಲಕ ತೆಗೆದು, ಹೊರಗೆ ಹೋಗಿ, ಅದನ್ನು ಮತ್ತೆ ಹಾಕಿದರು. ರಿಕ್ಷಾದಲ್ಲಿ ಕುಳಿತ ಮೇಲೆ ಅವರ ಬೆನ್ನು ನೆಟ್ಟಗಾದದ್ದು ಸೌಮ್ಯಾಳಿಗೆ ಹಿಂದಿನಿಂದ ಕಂಡಿತು.

ವಾರ ಕಳೆದು ಒಂದು ಸಂಜೆ ಅವ್ವ ಫೋನ್ ಮಾಡಿದಳು. ದೀಪಾವಳಿಗಾದರೂ ಅಳಿಯನನ್ನು ಕರೆದುಕೊಂಡು ಬಾ ಎಂದಳು.

“ಆಗೂದಿಲ್ಲವ್ವಾ. ಕೆಲಸ ಐತಿ,” ಎಂದಳು ಸೌಮ್ಯಾ. ವಿಕ್ರೋಳಿಗೆ ರಾಜೀನಾಮೆ ಕಳಿಸಿದ್ದನ್ನು ಹೇಳಲಿಲ್ಲ.

ಶೆಡ್ಡಿನಿಂದ ಮನೀಶ್ ಕೂಗಿದ. “ಸೌಮ್ಯಾ, ಹೊಸ ಕ್ಯಾಪಿನ ಕ್ಲಿಪ್ ಇಲ್ಲೇ ಇಟ್ಟಿದ್ದೆ. ದೇಖಾ ಕ್ಯಾ?”

ಕ್ಲಿಪ್ ಅವಳ ಎಡಮುಷ್ಟಿಯಲ್ಲಿ ಬೆಚ್ಚಗಿತ್ತು.

“ಇಲ್ಲ,” ಎಂದಳು. “ಸಾವಕಾಶ ಹುಡುಕು.”

ಗಂಡನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಅಷ್ಟೇನೂ ಕಷ್ಟವಾಗಲಿಲ್ಲ.